ಐವತ್ತು ಶತಮಾನದ ರಿಯಾಯಿತಿ

ಓಣಂಗೆ ಇನ್ನೂ ಎರಡು ವಾರ ಇತ್ತು. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಿಂತರೆ ಎದುರಿಗೆ ಮನೆಯ ಗೋಡೆಯಷ್ಟು ದೊಡ್ಡ ಬೋರ್ಡು. ನಾನು ಮಲಯಾಳಂ ಅಕ್ಷರ ಶಾಲೆಯಲ್ಲಿ ಕಲಿತವನಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತವನು. ಹಾಗಾಗಿ ನನ್ನ ಓದು ಲೋಕಲ್ ಬಸ್ಸಿನ ಹಾಗೆ, ಪ್ರತಿ ಸ್ಟಾಪಿನಲ್ಲೂ ನಿಂತು ನಿಂತು ಹೋಗುತ್ತದೆ. ಗಟ್ಟಿಯಾಗಿ ಓದಿದೆ: “50 ಶತಮಾನಂ ವರೆ ವಿಲಕ್ಕುರವ್.”

ಪಕ್ಕದಲ್ಲಿದ್ದ ಅಮ್ಮ ಕೇಳಿದಳು, “ಐವತ್ತು ಶತಮಾನವಾ? ಅಷ್ಟು ಕಾಲ ಆ ಅಂಗಡಿ ಇರ್ತದಾ ಮಾರಾಯ?”

ಮಲಯಾಳದಲ್ಲಿ ಶತಮಾನಂ ಅಂದರೆ ನಮ್ಮ ಶೇಕಡಾ. ವಿಲಕ್ಕುರವ್ ಅಂದರೆ ಬೆಲೆ ಕಡಿಮೆ. ನಾನು ವಿವರಿಸಿದೆ. ಅಮ್ಮ ತಲೆಯಾಡಿಸಿದಳು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ, 1956ರ ನವೆಂಬರ್ 1ಕ್ಕೆ, ನಮ್ಮ ಊರು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ರಾಜ್ಯ ಬದಲಾಯಿತು, ಅಮ್ಮನ ಶಾಲೆ ಮಾತ್ರ ಕನ್ನಡದ್ದೇ ಆಗಿ ಉಳಿಯಿತು. ಮೀನಿನವನ ಹತ್ತಿರ, ಬಸ್ ಕಂಡಕ್ಟರನ ಹತ್ತಿರ ಅವಳು ಮಲಯಾಳ ಮಾತಾಡುತ್ತಾಳೆ. ಓದಲು ಬರುವುದಿಲ್ಲ.

ಗಡಿಯಲ್ಲಿ ಇರುವವರಿಗೆ ಈ ಆಫರ್ ಬೋರ್ಡುಗಳಲ್ಲಿ ಸಿಗುವ ಮಜಾ ಬೇರೆಯವರಿಗೆ ಸಿಗಲಿಕ್ಕಿಲ್ಲ. ಎಲ್ಲ ಶಬ್ದವೂ ಗೊತ್ತಿರುವಂಥದ್ದೇ, ಆದರೆ ಒಂದೂ ನಮ್ಮ ಅರ್ಥದಲ್ಲಿ ಇರುವುದಿಲ್ಲ. ‘ಒಂದಕ್ಕೆ ಒಂದು ಸೌಜನ್ಯಂ’ ಎಂದು ಬರೆದಿರುತ್ತಾರೆ. ಒಂದು ಕೊಂಡರೆ ಒಂದು ಪುಕ್ಕಟೆ ಅಂತ. ಕನ್ನಡದವನು ಓದಿದರೆ, ಒಂದು ಸಾಮಾನು ಕೊಂಡವರ ಹತ್ತಿರ ಮಾತ್ರ ಒಂದಿಷ್ಟು ಮರ್ಯಾದೆಯಿಂದ ಮಾತಾಡುತ್ತಾರೆ ಅಂತ ಅರ್ಥ. (ಕೆಲವು ಅಂಗಡಿಗಳ ವಿಷಯದಲ್ಲಿ ಈ ಅರ್ಥವೇ ಜಾಸ್ತಿ ಸರಿ.) ‘ಸಮ್ಮಾನಂ’ ಅಂದರೆ ಬಹುಮಾನ. ‘ಸಮ್ಮಾನ ಕೂಪನ್’ ಅಂತ ನೋಡಿದಾಗಲೆಲ್ಲ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕಣ್ಣ ಮುಂದೆ ಬರುತ್ತದೆ. ಇನ್ನು ಬೋರ್ಡಿನ ಕೆಳಗಿನ ಮೂಲೆಯಲ್ಲಿ, ಇರುವೆ ಸಾಲು ಹೋದ ಹಾಗೆ, ‘ನಿಬಂಧನೆಗಳಿಗೆ ವಿಧೇಯಂ’. ಷರತ್ತಿಗೆ ಒಳಪಟ್ಟದ್ದು ಅಂತ. ನಾವು ರಜೆ ಅರ್ಜಿಯ ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ’ ಅಂತ ಬರೆದು ಸಹಿ ಹಾಕಿದವರು. ಆ ಜಾಗದಲ್ಲಿ ಆ ಶಬ್ದ ಕಂಡರೆ ಅಂಗಡಿಯವನೇ ಕೈಮುಗಿದು ಸಹಿ ಹಾಕಿದ್ದಾನೆ ಅಂತ ಕಾಣುತ್ತದೆ. ಯಾರು ಯಾರಿಗೆ ವಿಧೇಯ ಅಂತ ಗೊತ್ತಾಗುವುದು ಬಿಲ್ಲು ಮಾಡುವಾಗ.

ನಾವು ಆ ದಿನ ಪೇಟೆಗೆ ಹೋದದ್ದು ಮಿಕ್ಸಿಗೆ. ಹಳೆ ಮಿಕ್ಸಿ ತನ್ನಿ, ಹೊಸತು ಒಯ್ಯಿರಿ, ಹಳತಕ್ಕೆ 3,000 ರೂಪಾಯಿ ವರೆ ಕೊಡುತ್ತೇವೆ ಅಂತ ಪೇಪರಿನ ಒಳಗೆ ಇಟ್ಟ ಚೀಟಿಯಲ್ಲಿತ್ತು. ನಮ್ಮ ಮಿಕ್ಸಿಗೆ ಹದಿನಾಲ್ಕು ವರ್ಷ. ಸ್ವಿಚ್ಚು ಒಂದಕ್ಕೆ ತಿರುಗಿಸಿದರೆ ಸುಮ್ನೆ ಗುಂಯ್ ಅನ್ನುತ್ತಿತ್ತು, ಎರಡಕ್ಕೆ ತಿರುಗಿಸಿದರೆ ಮೇಜಿನ ಮೇಲೆ ನಡೆಯಲು ಶುರು ಮಾಡುತ್ತಿತ್ತು. ಮೂರಕ್ಕೆ ಯಾರೂ ತಿರುಗಿಸಿ ನೋಡಿಲ್ಲ. ಒಂದು ಕೈಯಲ್ಲಿ ಮಿಕ್ಸಿಯನ್ನು ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಮುಚ್ಚಳ ಒತ್ತಿದರೆ ತಂಬುಳಿಗೆ ಬೇಕಾದಷ್ಟು ತೆಂಗಿನಕಾಯಿ ನುಣ್ಣಗಾಗುತ್ತಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಬದಿಯಡ್ಕದಿಂದ ಬಸ್ಸಿನಲ್ಲಿ ತಂದಿದ್ದೆವು. ಕಂಡಕ್ಟರ್ ಚೀಲ ಮುಟ್ಟಿ ನೋಡಿ, ಕೋಳಿಯಾ ಅಂತ ಕೇಳಿದ.

ಅಂಗಡಿಯ ಒಳಗೆ ಒಳ್ಳೆ ಎಸಿ. ನಮ್ಮ ಹತ್ತಿರ ಬಂದ ಹುಡುಗ ಅಮ್ಮನ ಸೀರೆ ಉಟ್ಟ ರೀತಿ ನೋಡಿಯೇ ಭಾಷೆ ಅಂದಾಜು ಮಾಡಿದ. ಕಾಸರಗೋಡಿನ ಅಂಗಡಿ ಹುಡುಗರಿಗೆ ಇದೊಂದು ವಿದ್ಯೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಮಲಯಾಳವೋ, ತುಳುವೋ, ಕನ್ನಡವೋ, ಕೊಂಕಣಿಯೋ ಅಂತ ನಿಶ್ಚಯ ಮಾಡಿ ಆಗಿರುತ್ತದೆ.

ಅಮ್ಮ ಒಂದು ಮಿಕ್ಸಿ ತೋರಿಸಿದಳು. 750 ವ್ಯಾಟಿನದ್ದು, ಬಿಳಿ ಬಣ್ಣ, ಮೂರು ಜಾರು.

“ಅದಕ್ಕೆ ಆಫರ್ ಇಲ್ಲ ಅಮ್ಮ” ಅಂದ ಹುಡುಗ ಕನ್ನಡದಲ್ಲಿ.

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದ ಹಾಗೆ ಇದ್ದಳೋ, ಪಕ್ಕದ್ದು ತೋರಿಸಿದಳು. ತುಳು ಪ್ರಯತ್ನಿಸೋಣ ಅಂತ ಅವನಿಗೆ ಅನಿಸಿರಬೇಕು. “ಅವೆಕ್ ಆಫರ್ ಇಜ್ಜಿ ಅಮ್ಮ.” ಅಷ್ಟರಲ್ಲಿ ಆಚೆಯಿಂದ ಸೂಪರ್‌ವೈಸರ್ ಬಂದ, ಮಲಯಾಳದಲ್ಲಿ ಹೇಳಿದ, “ಅದಿನ್ ಆಫರ್ ಇಲ್ಲ.”

ಶತಮಾನ, ಸೌಜನ್ಯ, ಸಮ್ಮಾನ, ವಿಧೇಯ ಎಲ್ಲ ಗಡಿ ದಾಟುವಾಗ ಅರ್ಥ ಬದಲಾಯಿಸಿಕೊಂಡವು. ‘ಇಲ್ಲ’ ಮಾತ್ರ ಎರಡೂ ಕಡೆ ಇಲ್ಲವೇ.

ಕಡೆಗೆ ಗೊತ್ತಾದದ್ದು ಇಷ್ಟು. 3,000 ರೂಪಾಯಿ ಸಿಗುವುದು ಒಂಬತ್ತು ಸಾವಿರ ಚಿಲ್ಲರೆಯ ಒಂದು ದೊಡ್ಡ ಮಾಡೆಲಿಗೆ ಮಾತ್ರ. ಅದರಲ್ಲಿ ಹಿಟ್ಟು ನಾದಬಹುದು, ಜ್ಯೂಸ್ ತೆಗೆಯಬಹುದು, ಕ್ಯಾರೆಟ್ ತುರಿಯಬಹುದು. ನಮಗೆ ಬೇಕಾದ ಸಣ್ಣದಕ್ಕೆ ಹಳತು ಕೊಟ್ಟರೆ 400. ಅದೂ ಹಳತು ಓಡುವ ಸ್ಥಿತಿಯಲ್ಲಿರಬೇಕು, ಎಲ್ಲ ಜಾರೂ ಇರಬೇಕು. ಹುಡುಗ ಗೋಣಿಚೀಲ ಬಿಚ್ಚಿ ಎಣಿಸಿದ. ಎರಡು ಜಾರು ಇತ್ತು. ಚಟ್ನಿ ಜಾರು ಇಲ್ಲ.

“ಚಟ್ನಿ ಜಾರ್ ಎಲ್ಲಿ?” ನಾನು ಅಮ್ಮನನ್ನು ಕೇಳಿದೆ.

“ಅದರಲ್ಲಿ ಹುಣಸೆಹುಳಿ ಉಂಟಲ್ಲ” ಅಂದಳು ಅಮ್ಮ, ಇದೆಂಥ ಪ್ರಶ್ನೆ ಅನ್ನುವ ಹಾಗೆ.

“ಹಾಗಾದ್ರೆ ಐವತ್ತು ಪರ್ಸೆಂಟ್ ಯಾವುದಕ್ಕೆ?” ಅಂತ ಹುಡುಗನನ್ನು ಕೇಳಿದೆ. ಅವನು ಪಾಪ, ಒಳ್ಳೆಯವನೇ. ಒಂದು ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಒಂದು ರ‍್ಯಾಕಿನಲ್ಲಿ ಗ್ಯಾಸ್ ಲೈಟರುಗಳು, ಪ್ಲಾಸ್ಟಿಕಿನ ಟಿಫಿನ್ ಡಬ್ಬಿಗಳು, ಹ್ಯಾಂಡಲ್ ಸಡಿಲ ಇದ್ದ ಒಂದು ದೋಸೆ ಕಾವಲಿ. ಮನೆಯ ಗೋಡೆಯಷ್ಟು ದೊಡ್ಡ ಬೋರ್ಡು ನಿಂತಿದ್ದದ್ದು ಈ ಕಾವಲಿಯ ಮೇಲೆ. ಬೋರ್ಡು ಸುಳ್ಳು ಹೇಳಿರಲಿಲ್ಲ. ‘ವರೆ’ ಅಂದಿತ್ತು, ನಮ್ಮ ‘ವರೆಗೆ’. ತಲಪಾಡಿಯವರೆಗೆ ಹೋಗುವ ಬಸ್ಸು ದಾರಿಯಲ್ಲಿ ಕುಂಬಳೆಯಲ್ಲೂ ನಿಲ್ಲುತ್ತದೆ, ಉಪ್ಪಳದಲ್ಲೂ ನಿಲ್ಲುತ್ತದೆ. ನೀವು ಎಲ್ಲಿ ಇಳಿಯುತ್ತೀರಿ ಅನ್ನುವುದು ಬಸ್ಸಿನ ತಪ್ಪಲ್ಲ. ಆದರೆ ಈ ಬಸ್ಸಿನಲ್ಲಿ ತಲಪಾಡಿಗೆ ಹೋಗಲು ಒಂದು ಕಾವಲಿಗೆ ಮಾತ್ರ ಟಿಕೆಟ್.

ಬಿಲ್ಲಿನ ಜೊತೆ ಒಂದು ಸಮ್ಮಾನ ಕೂಪನ್ ಕೊಟ್ಟರು. ಉಜ್ಜಿದೆ. ಮುಂದಿನ ಖರೀದಿಯಲ್ಲಿ 200 ರೂಪಾಯಿ ಕಡಿತ. ಹಿಂದೆ ತಿರುಗಿಸಿದರೆ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ: ಹದಿನೈದು ದಿನದ ಒಳಗೆ, 3,000ಕ್ಕಿಂತ ಮೇಲಿನ ಬಿಲ್ಲಿಗೆ, ಆಫರಿನಲ್ಲಿರುವ ಸಾಮಾನು ಬಿಟ್ಟು. ಅಂಗಡಿ ತುಂಬ ಆಫರಿನ ಕೆಂಪು ಚೀಟಿ ನೇತಾಡುತ್ತಿತ್ತು. ಆಫರ್ ಇಲ್ಲದ್ದು ಅಂತ ನನಗೆ ಕಂಡದ್ದು ಎರಡೇ: ನಾವು ಕೊಂಡ ಮಿಕ್ಸಿ, ಮತ್ತೆ ಬಾಗಿಲಲ್ಲಿ ನಿಂತ ಸೆಕ್ಯುರಿಟಿಯ ಕುರ್ಚಿ.

ಇದಕ್ಕೆಲ್ಲ ಕಾನೂನು ಇಲ್ಲ ಅಂತಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರದ್ದು. ಅದರ ಅಡಿಯಲ್ಲಿ 2022ರ ಜೂನ್‌ನಲ್ಲಿ ತಪ್ಪುದಾರಿಗೆ ಎಳೆಯುವ ಜಾಹೀರಾತುಗಳ ಬಗ್ಗೆ ಕೇಂದ್ರದ ಮಾರ್ಗಸೂಚಿಯೂ ಬಂದಿದೆ. ಅದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತು ಉಂಟು. ಆಫರನ್ನು ಯಾವ ಭಾಷೆಯಲ್ಲಿ ಹೇಳಿದ್ದೀರೋ ಷರತ್ತನ್ನೂ ಅದೇ ಭಾಷೆಯಲ್ಲಿ ಹೇಳಬೇಕು, ಅಕ್ಷರದ ವಿನ್ಯಾಸವೂ ಅದೇ ಇರಬೇಕು, ಎದ್ದು ಕಾಣುವ ಹಾಗೆ ಇರಬೇಕು. ಬರೆದವರು ಯಾರೋ ಗಡಿಯ ಊರಿನವರೇ ಇರಬೇಕು ಅಂತ ನನ್ನ ಗುಮಾನಿ. ದೊಡ್ಡದನ್ನು ಒಂದು ಭಾಷೆಯಲ್ಲಿ, ಸಣ್ಣದನ್ನು ಇನ್ನೊಂದು ಭಾಷೆಯಲ್ಲಿ ಬರೆಯುವ ಉಪಾಯ ಗೊತ್ತಾಗಬೇಕಾದರೆ ಎರಡು ಭಾಷೆಯ ನಡುವೆ ಬದುಕಿರಬೇಕು. ಕಡಿಮೆ ಬೆಲೆಯ ಆಸೆ ತೋರಿಸಿ ಕರೆದು, ಆ ಬೆಲೆಗೆ ಕೊಡಲು ಸಾಕಷ್ಟು ಮಾಲು ಇಡದೆ ಇರುವುದೂ ಅದರ ಪ್ರಕಾರ ತಪ್ಪು. ಗಾಳಕ್ಕೆ ಎರೆಹುಳ ಸಿಕ್ಕಿಸುತ್ತೇವಲ್ಲ, ಹಾಗೆ. ದೂರು ಹೇಳಲು 1915 ಅಂತ ಒಂದು ನಂಬರೂ ಉಂಟು. ನಾನು ಫೋನ್ ಮಾಡಿದೆನಾ? ಇಲ್ಲ. 400 ರೂಪಾಯಿಯ ಮಿಕ್ಸಿಗೆ, ಅದೂ ಚಟ್ನಿ ಜಾರು ಇಲ್ಲದ್ದಕ್ಕೆ, ಯಾರು ಫೋನ್ ಹಿಡಿದು ಕೂರುತ್ತಾರೆ? ಅಂಗಡಿಯವರಿಗೂ ಅದು ಚೆನ್ನಾಗಿ ಗೊತ್ತು.

ಮಲಯಾಳ ಓದಲು ಬಾರದೆ ಮೋಸ ಹೋದೆ ಅಂತ ಹೇಳಿಕೊಳ್ಳಬಹುದಿತ್ತು, ಮಂಗಳೂರಿನ ಅಂಗಿಗಳು ಇಲ್ಲದಿದ್ದರೆ. ಆಟಿ ತಿಂಗಳಿನಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಯವರು ನೊಣ ಹೊಡೆಯಬೇಕಾದ ಕಾಲ, ಹಾಗಾಗಿ ಆಷಾಢ ಸೇಲ್. ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಹೋದೆ. ಅಲ್ಲಿ ಬೋರ್ಡು ಚಂದದ ಕನ್ನಡದಲ್ಲಿ: ‘ಎರಡು ಅಂಗಿ ಕೊಂಡರೆ ಎರಡು ಉಚಿತ.’ ಎಷ್ಟೋ ದಿನದ ಮೇಲೆ ಒಂದು ಬೋರ್ಡನ್ನು ನಿಲ್ಲದೆ, ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓದಿದ ಖುಷಿ. ಖುಷಿಯಲ್ಲಿ ಕೆಳಗಿನ ಸಣ್ಣ ಅಕ್ಷರ ನೋಡಲೇ ಇಲ್ಲ. ಕಾಸರಗೋಡಿನಲ್ಲಾದರೆ ಒಂದೊಂದು ಅಕ್ಷರ ಬಿಡಿಸಿ, ಗೊತ್ತಿಲ್ಲದ್ದನ್ನು ಪಕ್ಕದವರನ್ನು ಕೇಳಿ, ಆಮೇಲೆ ಒಳಗೆ ಕಾಲಿಡುತ್ತಿದ್ದೆ. ಇಲ್ಲಿ ನಮ್ಮದೇ ಭಾಷೆಯಲ್ವಾ!

ಉಚಿತದ ಅಂಗಿಗಳು ಬೇರೆ ರ‍್ಯಾಕಿನಲ್ಲಿದ್ದವು. ಅಳತೆ 38 ಇತ್ತು, 46 ಇತ್ತು. ನನ್ನದು 42. ಉಚಿತ ಅಂದರೆ ತಕ್ಕದ್ದು, ಸರಿಯಾದದ್ದು ಅಂತಲೂ ಅರ್ಥ ಇದೆ ಅಂತ ಮೇಷ್ಟ್ರು ಕಲಿಸಿದ್ದರು. ಆ ಅರ್ಥ ಈ ರ‍್ಯಾಕಿಗೆ ಹತ್ತಲಿಲ್ಲ. ಮನೆಗೆ ಬಂದು ಪ್ಯಾಕೆಟ್ ನೋಡುತ್ತೇನೆ, ಬೆಲೆಯ ಸ್ಟಿಕ್ಕರಿನ ಅಂಚು ಸ್ವಲ್ಪ ದಪ್ಪ. ಉಗುರಿನಿಂದ ಮೆಲ್ಲ ಕೆರೆದೆ. ಒಳಗೆ ಇನ್ನೊಂದು ಸ್ಟಿಕ್ಕರ್. ಮೇಲಿನದರಲ್ಲಿ 1,899, ಕೆಳಗಿನದರಲ್ಲಿ 999. ಬೆಲೆ ಇಳಿಸಿದ್ದಾದರೆ ಹೊಸ ಚೀಟಿ ಅಂಟಿಸಬಹುದು, ಹಳೆ ಬೆಲೆ ಮುಚ್ಚಬಾರದು ಅಂತ ನಿಯಮ ಉಂಟು. ಏರಿಸಲು ಅಂಟಿಸುವ ಹಾಗೆಯೇ ಇಲ್ಲ. ಲೆಕ್ಕ ಹಾಕಿದರೆ ನಾಲ್ಕು ಅಂಗಿಗೆ ಹತ್ತಿರ ಹತ್ತಿರ ನಾಲ್ಕು ಅಂಗಿಯ ದುಡ್ಡೇ ಕೊಟ್ಟಿದ್ದೆ, 198 ರೂಪಾಯಿ ಸೌಜನ್ಯ ಬಿಟ್ಟರೆ. 46ರದ್ದನ್ನು ಈಗ ಅಡಿಕೆ ಸುಲಿಯಲು ಬರುವ ಅಣ್ಣು ಹಾಕಿಕೊಳ್ಳುತ್ತಾನೆ. ಅವನಿಗೂ ದೊಡ್ಡದೇ, ಆದರೆ ಗಾಳಿ ಚೆನ್ನಾಗಿ ಆಡುತ್ತದಂತೆ.

ಓಣಂ ಸಮಯದಲ್ಲಿ ಕೈಮಗ್ಗದ ಬಟ್ಟೆಗೆ ಸರಕಾರದ್ದು ಶೇಕಡಾ 20 ರಿಬೇಟ್ ಅಂತ ಬರುತ್ತದಲ್ಲ, ಅದು ನನಗೆ ಇಷ್ಟ. ‘ವರೆ’ ಇಲ್ಲ, ಷರತ್ತಿನ ನಕ್ಷತ್ರ ಚಿಹ್ನೆ ಇಲ್ಲ. ಕಾಸರಗೋಡು ಸೀರೆ ತೆಗೆದರೆ ಇಪ್ಪತ್ತು ಅಂದರೆ ಇಪ್ಪತ್ತೇ. ಅದಕ್ಕೇ ಇರಬೇಕು, ಆ ಬೋರ್ಡಿನ ಮುಂದೆ ಯಾರೂ ನೂಕಾಡುವುದಿಲ್ಲ.

ಅಂಗಡಿಯವರನ್ನೇ ಬೈಯುತ್ತಾ ಕೂತರೆ ನನ್ನ ಅಡಿಕೆಗೋಣಿ ನಗುತ್ತದೆ. ಪೇಪರಿನಲ್ಲಿ ಬರುವ ಅಡಿಕೆ ರೇಟೂ ‘ವರೆಗೆ’ಯೇ ಅಲ್ವಾ. ಆ ರೇಟು ಸಿಗುವುದು ಒಂದು ನಂಬರ್ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಒಳ್ಳೆ ಅಡಿಕೆಗೆ. ವ್ಯಾಪಾರಿ ಗೋಣಿಯೊಳಗೆ ಕೈ ಹಾಕಿ ತಳದಿಂದ ಒಂದು ಮುಷ್ಟಿ ತೆಗೆದು, ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಅಂತ ಕಡಿಮೆ ರೇಟಿನ ಬೇರೆ ಬೇರೆ ಗುಪ್ಪೆ ಮಾಡಿದಾಗ ಎದುರಿಗೆ ನಿಂತ ನನ್ನ ಮುಖ, ಆ ಕಾವಲಿಯ ರ‍್ಯಾಕ್ ತೋರಿಸಿದ ಹುಡುಗನ ಮುಖದ ಹಾಗೆಯೇ ಇರುತ್ತದೆ. ಚಂದದ ಅಡಿಕೆ ಮೇಲೆ ಬರುವ ಹಾಗೆ ಗೋಣಿ ತುಂಬಿಸಿದವನು ನಾನೇ. ಸಣ್ಣ ಅಕ್ಷರವನ್ನು ತಳದಲ್ಲಿ ಇಡುವುದು ನಮಗೂ ಗೊತ್ತು.

ಹಳೆ ಮಿಕ್ಸಿಯನ್ನು ಅದೇ ಗೋಣಿಚೀಲದಲ್ಲಿ, ಹೊಸತರ ಜೊತೆಗೆ, ವಾಪಸು ತಂದೆವು. ಸಂಜೆಯ ಬಸ್ಸಿಗೂ ಅದೇ ಕಂಡಕ್ಟರ್. “ಎಂತ ಅಮ್ಮ, ಕೋಳಿ ಮಾರಿ ಹೋಗ್ಲಿಲ್ವಾ?” ಅಂದ.

ಮಿಕ್ಸಿ ಒಂದು ವಾರ ಜಗಲಿಯಲ್ಲಿ ಕೂತಿತ್ತು. ಆಚೆಮನೆಯ ಅಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದವಳು ನೋಡಿದಳು. ಅವರ ಮಿಕ್ಸಿಯ ಮೋಟರ್ ಸುಟ್ಟುಹೋಗಿ ತಿಂಗಳಾಗಿತ್ತಂತೆ.

“ಇದು ಕೊಡ್ಲಿಕ್ಕೆ ಉಂಟಾ ದೊಡ್ಡಮ್ಮ? ಎಷ್ಟು?”

“ದುಡ್ಡು ಎಂತಕ್ಕೆ? ಸುಮ್ನೆ ತೆಕ್ಕೊಂಡು ಹೋಗು” ಅಂದಳು ಅಮ್ಮ. “ಸೌಜನ್ಯಂ!”

ಅಕ್ಕ ಮಿಕ್ಸಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಎರಡು ಮೆಟ್ಟಿಲು ಇಳಿದಿದ್ದಳು. ಏನೋ ನೆನಪಾಗಿ ತಿರುಗಿ ನಿಂತಳು.

“ದೊಡ್ಡಮ್ಮ, ಚಟ್ನಿ ಜಾರು?”

“ಅದಕ್ಕೆ ಆಫರ್ ಇಲ್ಲ” ಅಂದಳು ಅಮ್ಮ.