ಶಾಲೆಗೆ ಬಂದದ್ದಕ್ಕೇ ಒಂದು ಹಬ್ಬ

ಫೆಬ್ರುವರಿ ಬಂತೆಂದರೆ ನ್ಯೂಜೆರ್ಸಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಮ್ಮಂದಿರದ್ದು ಒಂದೇ ಪ್ರಶ್ನೆ: "ನೀವು ನೂರು ಏನು ಕಳಿಸ್ತಿದೀರಿ?" ಶಾಲೆ ಶುರುವಾಗಿ ನೂರು ದಿನ ತುಂಬಿದ್ದಕ್ಕೆ ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹಂಡ್ರೆಡ್ತ್ ಡೇ ಮಾಡುತ್ತಾರೆ. ಕಿಂಡರ್‌ಗಾರ್ಟನ್‌ನಿಂದ ಎರಡನೇ ಕ್ಲಾಸಿನವರೆಗೆ ಇದರ ಗದ್ದಲ ಹೆಚ್ಚು. ಮಗು ನೂರು ಗುಂಡಿಯನ್ನೋ ನೂರು ಮಣಿಯನ್ನೋ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಕು. ನಮ್ಮ ಮನೆಗಳಿಂದ ಹೋಗುವುದು ಸಾಮಾನ್ಯವಾಗಿ ಕಡಲೆಕಾಳು, ರಾಜ್ಮಾ.

ಮೊದಮೊದಲು ಇದೂ ಅಮೆರಿಕದವರ ಇನ್ನೊಂದು ಶಾಪಿಂಗ್ ಹಬ್ಬ ಅಂದುಕೊಳ್ಳುವವರೇ ಜಾಸ್ತಿ. ಆದರೆ ಆ ದಿನದ ಹಿಂದಿರುವ ಕೆಲಸ ನೋಡಿದರೆ ಹಾಗನ್ನಿಸುವುದಿಲ್ಲ. ಶಾಲೆಯ ಮೊದಲ ದಿನ ಟೀಚರ್ ಗೋಡೆಯ ಮೇಲಿನ 'ಬಿಡಿ' ಚೀಲದಲ್ಲಿ ಒಂದು ಸ್ಟ್ರಾ ಇಡುತ್ತಾರೆ. ದಿನಕ್ಕೊಂದರಂತೆ ಹತ್ತಾದ ಮೇಲೆ ಅವಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಪಕ್ಕದ 'ಹತ್ತು' ಚೀಲಕ್ಕೆ ಸಾಗಿಸುತ್ತಾರೆ. ನಮ್ಮ ಮೇಷ್ಟ್ರು ಕಡ್ಡಿ ಕಟ್ಟು ಮಾಡಿ ಬಿಡಿ, ಹತ್ತು, ನೂರು ಹೇಳಿಕೊಟ್ಟದ್ದೂ ಇದೇ ಲೆಕ್ಕ. ನಮಗದು ಒಂದು ಪೀರಿಯಡ್‌ನಲ್ಲಿ ಮುಗಿದಿತ್ತು, ಇವರು ಐದು ತಿಂಗಳು ಎಳೆಯುತ್ತಾರೆ. ನೂರು ಅಂದರೆ ಎಷ್ಟು ದೊಡ್ಡದು ಅಂತ ಆರು ವರ್ಷದ ಮಗುವಿಗೆ ಕಾದೂ ಕಾದೂ ಗೊತ್ತಾಗುತ್ತದೆ. ಹಿಮ ಬಿದ್ದು ಶಾಲೆ ಮುಚ್ಚಿದ ದಿನ ಸ್ಟ್ರಾ ಸೇರುವುದಿಲ್ಲ, ಹಬ್ಬ ಒಂದು ದಿನ ಮುಂದೆ ಹೋಗುತ್ತದೆ. ರಜೆ ಸಿಕ್ಕಿದ್ದಕ್ಕೆ ಮಕ್ಕಳು ಮುಖ ಊದಿಸಿಕೊಳ್ಳುವುದನ್ನು ನಾನು ಇಲ್ಲಿಯೇ ನೋಡಿದ್ದು.

ಆ ದಿನದ ಆಟಗಳಲ್ಲಿ ನನಗೆ ಬಲು ಇಷ್ಟವಾದದ್ದು ತಿಂಡಿಯ ಲೆಕ್ಕ. ಹತ್ತು ಗೋಲ ಬರೆದ ಹಾಳೆಯನ್ನು ಪ್ರತಿ ಮಗುವಿನ ಮುಂದಿಡುತ್ತಾರೆ. ಒಂದೊಂದು ಗೋಲದಲ್ಲಿ ಒಂದೊಂದು ಬಗೆಯ ತಿಂಡಿ, ಹತ್ತು ಹತ್ತು: ಒಣದ್ರಾಕ್ಷಿ, ಸೀರಿಯಲ್, ಪಾಪ್‌ಕಾರ್ನ್, ಪುಟಾಣಿ ಬಿಸ್ಕತ್ತು ಹೀಗೆ. ಶೇಂಗಾ, ಗೋಡಂಬಿಯನ್ನು ಅಲರ್ಜಿಯ ಭಯಕ್ಕೆ ಬಾಗಿಲಲ್ಲೇ ತಡೆಯುತ್ತಾರೆ. ಸ್ವಯಂಸೇವೆಗೆ ಹೋದಾಗ ಒಬ್ಬ ಪುಟ್ಟನ ಪಕ್ಕ ಕೂತಿದ್ದೆ. ಏಳರವರೆಗೆ ಎಣಿಸುತ್ತಾನೆ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ, ಆರೇ ಉಳಿದದ್ದು ಕಂಡು ಗಾಬರಿಯಾಗಿ ಮತ್ತೆ ಒಂದರಿಂದ ಶುರು. ಕಳೆಯುವ ಲೆಕ್ಕವೂ ಅಲ್ಲೇ ಆಗಿಹೋಯಿತು.

ಆದರೆ ಎರಡು ಸಂಗತಿ ನನಗೆ ಹಿಡಿಸುವುದಿಲ್ಲ. ಮೊದಲನೆಯದು ಟೀ ಶರ್ಟು. ಅದರ ಮೇಲೆ ನೂರು ವಸ್ತು ಅಂಟಿಸಬೇಕು. ಅಂಟಿಸುವವರು ಯಾರು? ಮಗು ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಗ್ಲೂ ಗನ್ನಿನಿಂದ ಬೆರಳು ಸುಟ್ಟುಕೊಳ್ಳುವ ಅಮ್ಮ. ಇದರಲ್ಲಿ ಮಗುವಿನ ಪಾಲು ಮರುದಿನ ಹಾಕಿಕೊಳ್ಳುವುದಷ್ಟೇ. ಎರಡನೆಯದು ನೂರು ವರ್ಷದ ಮುದುಕ ಮುದುಕಿಯ ವೇಷ. ತಲೆಗೆ ಪೌಡರು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಕೋಲು, ಗೂನು ಬೆನ್ನು. ನೋಡಲು ಮುದ್ದಾಗಿಯೇ ಇರುತ್ತದೆ, ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಊರಿಂದ ಬಂದಿದ್ದ ನಮ್ಮತ್ತೆ ಫೋಟೋ ನೋಡಿ ನಕ್ಕು, "ನಾನೂ ಹೀಗೇ ನಡೀತೀನಾ?" ಅಂದರು. ನೂರು ದಾಟಿದವರೆಂದರೆ ನಮಗೆ ಥಟ್ಟನೆ ನೆನಪಾಗುವವರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 111 ವರ್ಷ ಬದುಕಿದ್ದು 2019ರ ಜನವರಿಯಲ್ಲಿ ತೀರಿಕೊಂಡ ಅವರ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದಿದರು. ಮುಪ್ಪು ಮತ್ತು ಮಕ್ಕಳು ಅಂದರೆ ನಮ್ಮ ಕಣ್ಣೆದುರು ಬರುವ ಚಿತ್ರ ಅಂಥದ್ದು. ವೇಷದ ಬದಲು ಒಬ್ಬ ಅಜ್ಜಿಯನ್ನೇ ಕ್ಲಾಸಿಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಮಕ್ಕಳು ಬೇಕಾದ್ದು ಕೇಳಲಿ. ಖರ್ಚೂ ಕಡಿಮೆ!

ಇಷ್ಟಾದರೂ ಈ ಹಬ್ಬದ ಒಂದು ಗುಣಕ್ಕೆ ನಾನು ಸೋತಿದ್ದೇನೆ. ಇಲ್ಲಿ ಯಾರೂ ಗೆಲ್ಲುವುದಿಲ್ಲ. ನಮ್ಮ ಕಡೆ ಶಾಲೆಯ ಸಂಭ್ರಮಗಳಿಗೇನೂ ಬರವಿಲ್ಲ. ಮೊದಲ ದಿನ ತಳಿರು ತೋರಣ ಕಟ್ಟಿ, ಸಿಹಿ ಹಂಚಿ ಪ್ರಾರಂಭೋತ್ಸವ. ಆಮೇಲೆ ಪ್ರತಿಭಾ ಕಾರಂಜಿ. ಕೊನೆಗೆ ಶಾಮಿಯಾನ, ಮುಖ್ಯ ಅತಿಥಿ, ಶಾಲು, ಹಾರ, ಮುಗಿಯದ ಭಾಷಣಗಳ ವಾರ್ಷಿಕೋತ್ಸವ. ಹಾಡಲು ಬರುವ ಮಗು ವೇದಿಕೆ ಹತ್ತುತ್ತದೆ, ಬರದ ಮಗು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತದೆ. ದಿನಾ ಬಂದು ಕೂತದ್ದಕ್ಕೆ ಹಬ್ಬವಿಲ್ಲ.

ಹಾಗಾಗಿ ನಮ್ಮೂರ ಶಾಲೆಗಳಿಗೂ ಈ ನೂರನೇ ದಿನ ಬೇಕು ಅನ್ನುತ್ತೇನೆ. ಮೋಜಿಗಿಂತ ಹೆಚ್ಚಾಗಿ, ಅದು ಬೀಳುವ ಹೊತ್ತಿಗಾಗಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ನೂರು ಅಂದರೆ ಸರಿಯಾಗಿ ಅರ್ಧ ದಾರಿ. ಮೇ ಕೊನೆಗೋ ಜೂನ್ ಮೊದಲಿಗೋ ಶುರುವಾದ ಶಾಲೆಗೆ ಅದು ದಸರಾ ರಜೆಯ ಆಸುಪಾಸಿನಲ್ಲಿ ಬರುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಅಪ್ಪ ಅಮ್ಮ ಗುಳೆ ಹೊರಟು, ಮಕ್ಕಳೂ ಅವರೊಂದಿಗೆ ಮೂಟೆ ಕಟ್ಟುವ ಕಾಲವೂ ಹೆಚ್ಚು ದೂರವಿರುವುದಿಲ್ಲ. ಹಬ್ಬ ಮಾಡಿದರೆ ಗುಳೆ ನಿಂತೀತು ಅನ್ನುವಷ್ಟು ಮುಗ್ಧತೆ ನನಗಿಲ್ಲ. ಆದರೂ ರಜೆ ಮುಗಿಸಿ ಬರುವಾಗ "ಇನ್ನೆರಡು ಕಟ್ಟು ಬಾಕಿ, ಆಮೇಲೆ ಪಾಯಸ" ಅನ್ನುವ ಆಸೆ ಮಗುವಿನ ತಲೆಯಲ್ಲಿದ್ದರೆ ನಷ್ಟವೇನು? ಅಜ್ಜಿಯ ಹತ್ತಿರ ಉಳೀತೀನಿ ಅಂತ ಒಬ್ಬಿಬ್ಬರಾದರೂ ಹಟ ಮಾಡಿಯಾರು.

ತಯಾರಿಗೆ ದುಡ್ಡು ಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕೊಠಡಿಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ಚಪ್ಪರವಿದೆ, ಕೈಗೆಟುಕುವ ಎತ್ತರದಲ್ಲಿ ಗೋಡೆ ಸ್ಲೇಟಿದೆ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಎಲ್ಲರೂ ಒಟ್ಟಿಗೆ ತಲುಪುವ ಒಂದು ಜಾಗವೂ ಇರಲಿ. ದಿನಕ್ಕೊಂದು ಹುಣಸೆ ಬೀಜ ಡಬ್ಬಿಗೆ ಬೀಳಲಿ. ನೂರನೇ ದಿನ ಹತ್ತರ ರಾಶಿ ಹಾಕಿ, ಚೌಕಾಬಾರ ಆಡಿ, ಬಿಸಿಯೂಟಕ್ಕೆ ಒಂದು ಸೌಟು ಪಾಯಸ. ಭಾಷಣ ಬೇಡ, ಅತಿಥಿ ಅಂತ ಬೇಕೇ ಬೇಕಿದ್ದರೆ ಊರಿನ ಅತಿ ಹಿರಿಯ ಅಜ್ಜಿ ಬರಲಿ.

ಒಂದು ಎಚ್ಚರ ಮಾತ್ರ ಇರಬೇಕು: ಇದನ್ನು ಪೂರ್ಣ ಹಾಜರಾತಿಯ ಬಹುಮಾನ ಮಾಡಿಬಿಡಬಾರದು. ಜ್ವರ ಬಂದು ಮಲಗಿದವನು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ಆಗ ಮತ್ತೆ ಕೆಳಗೇ ಕೂರಬೇಕಾಗುತ್ತದೆ. ಎಣಿಸುವುದು ಶಾಲೆ ನಡೆದ ದಿನಗಳನ್ನು, ಮಗು ತಪ್ಪಿಸಿದ ದಿನಗಳನ್ನಲ್ಲ. ಹಿಂದಿನ ವಾರ ಸೇರಿದ ಮಗುವಿಗೂ ಎಣಿಸಲು ಹತ್ತು ಬೀಜ ಕೊಡಿ.