ಬರೀ ಜೆಸಿಬಿ

ಮೊನ್ನೆ ಭಾನುವಾರ ಮೈಸೂರಿನಲ್ಲಿ ನಮ್ಮವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪನವರು ನನ್ನನ್ನು ಹೊಸ ಬೀಗರಿಗೆ ಪರಿಚಯಿಸಿದ್ದು ಹೀಗೆ: “ಇವನು ಒಂಬತ್ತು ವರ್ಷ ಬ್ರಿಟಿಷ್ ಮಿಲಿಟರಿಲಿ ಇದ್ದ. ಯುದ್ಧ ಗಿದ್ಧ ಏನಿಲ್ಲ, ಬರೀ ಜೆಸಿಬಿ ಓಡಿಸ್ತಿದ್ದ.” ಬೀಗರು ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದ ಹಳದಿ ಯಂತ್ರದ ಕಡೆ ನೋಡಿ, “ಹಾಗಾದ್ರೆ ಕೈಯಲ್ಲಿ ಗನ್ ಹಿಡಿದೇ ಇಲ್ಲ ಅನ್ನಿ” ಎಂದರು. “ಹಿಡಿದಿದ್ದೇನೆ, ಗ್ರೀಸ್ ಗನ್” ಎಂದೆ. ಪಂಕ್ತಿಯೆಲ್ಲ ನಕ್ಕಿತು. ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಜೆಸಿಬಿ ಎಂಬ ಮಾತಿಗೆ ನನ್ನ ತಕರಾರಿಲ್ಲ, ಅದು ನನಗೆ ಅನ್ನ ಕೊಟ್ಟ ಯಂತ್ರಗಳಲ್ಲೊಂದು. ತಕರಾರು ಇರುವುದು ಆ ‘ಬರೀ’ಗೆ.

ನಾನಿದ್ದ ರಾಯಲ್ ಎಂಜಿನಿಯರ್ಸ್ ದಳದಲ್ಲಿ ಪ್ರತಿ ಸ್ಯಾಪರ್‌ನೂ (ಆ ದಳದವರನ್ನು ಕರೆಯುವ ಹೆಸರು) ಮೊದಲು ಸೈನಿಕ, ಆಮೇಲೆ ಕಾಂಬ್ಯಾಟ್ ಎಂಜಿನಿಯರ್, ಮೂರನೆಯದಾಗಿ ಒಂದು ಕಸುಬಿನವನು. ರೈಫಲ್ ಹಿಡಿಯಲು ಕಲಿತು, ಇಂಗ್ಲೆಂಡಿನ ಮಿನ್ಲಿ ತರಬೇತಿ ಶಿಬಿರದ ಕೆಸರಿನಲ್ಲಿ ಸೇತುವೆ ಕಟ್ಟಿ, ನೆಲಬಾಂಬು ಹುಡುಕಿ, ಸ್ಫೋಟಕ ಇಟ್ಟು ಅಭ್ಯಾಸ ಮಾಡಿದ ಮೇಲೆಯೇ ನನಗೆ ಚಾಥಮ್‌ನ ದಳದ ಶಾಲೆಯಲ್ಲಿ ಯಂತ್ರದ ಸೀಟು ಸಿಕ್ಕಿದ್ದು. ಕಸುಬಿನ ಹೆಸರು ಪ್ಲಾಂಟ್ ಆಪರೇಟರ್ ಮೆಕ್ಯಾನಿಕ್; ಪ್ಲಾಂಟ್ ಎಂದರೆ ಇಲ್ಲಿ ಮಣ್ಣಿನ ಕೆಲಸದ ಭಾರಿ ಯಂತ್ರ. ಕೊನೆಯ ಪದವನ್ನು ಯಾರೂ ಗಮನಿಸುವುದಿಲ್ಲ. ಓಡಿಸುವವನೇ ಆಯಿಲ್ ನೋಡಬೇಕು, ಫಿಲ್ಟರ್ ಬದಲಿಸಬೇಕು, ಹೈಡ್ರಾಲಿಕ್ ಹೋಸ್ ಒಡೆದರೆ ಅಡಿಗೆ ತೂರಿ ಮಲಗಬೇಕು. ಆ ಸೈನ್ಯದ ಲೆಕ್ಕದಲ್ಲಿ ಕವಚದ ವಾಹನಗಳು ‘ಎ’, ಸಾಗಣೆಯವು ‘ಬಿ’, ನಮ್ಮ ಡೋಜರ್, ಗ್ರೇಡರ್, ಅಗೆಯುವ ಯಂತ್ರಗಳು ‘ಸಿ’. ಪಂಕ್ತಿಯಲ್ಲಿ ನಮ್ಮ ಜಾಗ ಯಾವುದೆಂದು ಅಕ್ಷರಮಾಲೆಯೇ ಹೇಳಿಬಿಟ್ಟಿತ್ತು.

ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದಲ್ಲಿ ನಾನು ಬಹುಪಾಲು ಮಾಡಿದ್ದು ಹೆಸ್ಕೊ ತುಂಬಿಸುವ ಕೆಲಸ. ತಂತಿಬಲೆಯ ದೊಡ್ಡ ಪೆಟ್ಟಿಗೆಗಳ ಸಾಲು, ಒಳಗೆ ದಪ್ಪ ಬಟ್ಟೆಯ ಅಸ್ತರಿ. ಬಿಡಿಸಿ ನಿಲ್ಲಿಸಿ ಮಣ್ಣು ತುಂಬಿದರೆ ಗುಂಡು ಹಾಯದ ಕೋಟೆಗೋಡೆ. ಇದನ್ನು ಕಂಡುಹಿಡಿದ ಜಿಮಿ ಹೆಸೆಲ್ಡನ್ ಲೀಡ್ಸ್‌ನ ಮಾಜಿ ಕಲ್ಲಿದ್ದಲು ಗಣಿ ಕಾರ್ಮಿಕ. ಆತ ಅದನ್ನು ಮಾಡಿದ್ದು ಕಡಲ ಕೊರೆತ ತಡೆಯಲು. (ಅವರನ್ನೂ ಯಾರೋ ‘ಬರೀ ಗಣಿಯವನು’ ಎಂದಿರುತ್ತಾರೆ, ಬಿಡಿ.) ದೊಡ್ಡ ಅಳತೆಯವು 2.2 ಮೀಟರ್ ಎತ್ತರ, 2.1 ಮೀಟರ್ ಅಗಲ ಇರುತ್ತಿದ್ದವು. ಒಂದೇ ಖಾನೆಗೆ ಒಮ್ಮೆಲೇ ಸುರಿದರೆ ಗೋಡೆ ಹೊಟ್ಟೆ ಬಿಟ್ಟುಕೊಂಡು ವಾಲುತ್ತದೆ. ಆದ್ದರಿಂದ ಸಾಲಿನುದ್ದಕ್ಕೂ ಪದರ ಪದರವಾಗಿ, ಬಕೆಟ್ಟು ಬಲೆಗೆ ತಾಗದಂತೆ ಸುರಿಯುತ್ತ ಹೋಗಬೇಕು. ಇದೆಲ್ಲ ಗುಂಡುನಿರೋಧಕ ದಪ್ಪ ಗಾಜಿನ ಹಿಂದೆ, ನಲವತ್ತು ದಾಟಿದ ಬಿಸಿಲಿನಲ್ಲಿ, ಮುಖಪುಡಿಯಷ್ಟು ನುಣುಪಾದ ಧೂಳಿನಲ್ಲಿ.

ಕ್ಯಾಬಿನ್ನಿನೊಳಗೆ ಎಂಜಿನ್ನಿನ ಸದ್ದಿಗೆ ಹೊರಗೆ ಗುಂಡು ಹಾರಿದರೂ ಕೇಳಿಸುವುದಿಲ್ಲ. ಕೆಳಗೆ ನಿಂತು ಕೈಸನ್ನೆ ಮಾಡುವ ಬ್ಯಾಂಕ್ಸ್‌ಮನ್ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದುಕೊಂಡರೆ, ಓಹೋ ಶುರುವಾಯಿತು ಎಂದು ನಾವು ತಿಳಿಯಬೇಕು. ಉಳಿದವರೆಲ್ಲ ನೆಲಕ್ಕಂಟಿದ್ದಾಗ ಎತ್ತರದಲ್ಲಿ, ಬೆಟ್ಟದಷ್ಟು ದೊಡ್ಡ ಗುರಿಯಾಗಿ ಕುಳಿತವನು ಈ ಬರೀ ಜೆಸಿಬಿಯವನು.

ಬಾಗಿಲು ಒದ್ದು ಒಳನುಗ್ಗುವ, ದಿನವೂ ಗಸ್ತು ತಿರುಗುವ ಕಾಲಾಳಿನ ಅಪಾಯ ದೊಡ್ಡದಲ್ಲವೇ ಎಂದು ಕೇಳುವವರಿದ್ದಾರೆ. ದೊಡ್ಡದೇ, ಒಪ್ಪಿದೆ. ಆದರೆ ಆ ಕಾಲಾಳು ರಾತ್ರಿ ಮಲಗುತ್ತಿದ್ದುದು ಯಾರು ತುಂಬಿಸಿದ ಗೋಡೆಯ ಹಿಂದೆ? 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ದಡದಲ್ಲಿ ಕವಚ ತೊಡಿಸಿದ ಡಿ7 ಬುಲ್ಡೋಜರ್‌ಗಳು ಅಡೆತಡೆಗಳನ್ನು ದೂಡಿ ದಾರಿ ಮಾಡಿದವು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಬಳಿಕ ಆ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯ ರನ್‌ವೇಗೆ ಅಲ್ಯುಮಿನಿಯಂ ಹಾಸು ಹಾಕಿ, 4,100 ಅಡಿ ಇದ್ದದ್ದನ್ನು 6,100 ಅಡಿ ಮಾಡಿದವರು ಸ್ಯಾಪರ್‌ಗಳೇ; ಆಮೇಲೆ ತಾನೇ ಆ ಅಕ್ಟೋಬರ್‌ನಲ್ಲಿ ಫ್ಯಾಂಟಮ್ ಯುದ್ಧವಿಮಾನಗಳು ಅಲ್ಲಿ ಇಳಿದದ್ದು. ಫೋಟೋಗಳಲ್ಲಿ ವಿಮಾನವಿದೆ. ನೆಲ ಸಮ ಮಾಡಿದವನನ್ನು ಹುಡುಕಿ ನೋಡಿ.

ಇಷ್ಟೆಲ್ಲ ಸಿಟ್ಟು ಮಾಡುವ ನನ್ನ ಹುಳುಕನ್ನೂ ಹೇಳಿಬಿಡುತ್ತೇನೆ. ಸೇರಿದ ಹೊಸದರಲ್ಲಿ ಅಮ್ಮನಿಗೆ ಫೋನಿನಲ್ಲಿ “ರಾಯಲ್ ಎಂಜಿನಿಯರ್ಸ್‌ನಲ್ಲಿ ಇದ್ದೀನಿ” ಎಂದಷ್ಟೇ ಹೇಳಿದ್ದೆ. ಅಮ್ಮ ಅದನ್ನು “ಮಗ ಲಂಡನ್ನಿನಲ್ಲಿ ಎಂಜಿನಿಯರ್” ಎಂದು ಕೇರಿಗೆಲ್ಲ ಹಂಚಿದರು, ಎರಡು ಹೆಣ್ಣಿನ ಜಾತಕಗಳೂ ಬಂದವು. ಎರಡು ವರ್ಷ ನಾನು ತಿದ್ದಲಿಲ್ಲ. ಡೋಜರ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಬಿಟ್ಟು ಸಮವಸ್ತ್ರದ ಫೋಟೋ ಮಾತ್ರ ಕಳಿಸುತ್ತಿದ್ದೆ. ಅಂದರೆ ಆ ‘ಬರೀ’ಯನ್ನು ದೊಡ್ಡಪ್ಪನಿಗಿಂತ ಮೊದಲು ಹೇಳಿದವನು ನಾನೇ.

ಕೈತೊಳೆಯುವ ನೆಪದಲ್ಲಿ ಪಂಕ್ತಿಯಿಂದ ಎದ್ದು ಪಕ್ಕದ ಸೈಟಿಗೆ ಹೋದೆ. ಇಪ್ಪತ್ತೆರಡು ವರ್ಷವಿರಬಹುದು, ಹುಡುಗ ನೀರಿನ ಪೈಪಿನಿಂದ ಗೇಣು ದೂರದಲ್ಲಿ, ಅದಕ್ಕೆ ಉಸಿರೂ ತಾಗದಂತೆ ತೋಡುತ್ತಿದ್ದ. ಮುಗಿದ ಮೇಲೆ ಬಕೆಟ್ಟಿನ ಬೆನ್ನಿನಿಂದ ಮಣ್ಣನ್ನು ಸಗಣಿ ಸಾರಿಸಿದಂತೆ ಸವರಿದ. ಒಳಗಿನಿಂದ ಯಾರೋ “ಏಯ್ ಡ್ರೈವರ್, ಧೂಳು ಬರ್ತಿದೆ, ನಿಲ್ಲಿಸೋ” ಎಂದು ಕೂಗಿದರು. ಅವನಿಗೆ ಎಲೆ ಹಾಕಿ ಊಟಕ್ಕೆ ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನೇ ಒಂದು ತಟ್ಟೆಗೆ ಹಾಕಿಸಿಕೊಂಡು ಹೋಗಿ ಕೊಟ್ಟು, ನಾನೂ ಇದೇ ಕೆಲಸದವನು, ಅಫ್ಘಾನಿಸ್ತಾನದಲ್ಲಿ ಮಾಡಿದ್ದೆ ಎಂದೆ.

ಅವನು ಗುಂಡಿನ ಬಗ್ಗೆ ಕೇಳಲಿಲ್ಲ. ಅನ್ನ ಕಲಸುತ್ತ, “ಅಲ್ಲಿ ಧೂಳು ಜಾಸ್ತಿ ಅಲ್ವಾ ಅಣ್ಣ, ಪಿನ್ನಿಗೆ ಗ್ರೀಸ್ ದಿನಕ್ಕೆ ಎಷ್ಟು ಸಲ ಹೊಡೀತಿದ್ರಿ?” ಎಂದು ಕೇಳಿದ.

“ಎರಡು ಸಲ” ಎಂದೆ. “ಹಳೇದನ್ನ ಪೂರ್ತಿ ಒರೆಸಿ ತೆಗೆದು.”