ಸತ್ಯಾಂಶ: ಪ್ಯಾರಿಸ್ ರಂಗಮಂದಿರಗಳಿಗೆ ನಾಲ್ಕು ವರ್ಷ ಬೀಗ ಬಿದ್ದಿತ್ತೇ?

"ಹಿಟ್ಲರ್ ಸೇನೆ ಪ್ಯಾರಿಸ್‌ಗೆ ಬಂದಾಗ ಕಲಾವಿದರೆಲ್ಲ ಕೆಲಸ ಬಿಟ್ಟರು. ನಾಲ್ಕು ವರ್ಷ ನಾಟಕವಿಲ್ಲ, ಹಾಡಿಲ್ಲ. ವೇದಿಕೆ ಏರಿದವರೆಲ್ಲ ದೇಶದ್ರೋಹಿಗಳು." ಹೀಗೊಂದು ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ.

ಜರ್ಮನ್ ಸೇನೆ ನಗರಕ್ಕೆ ನುಗ್ಗಿದ್ದು 1940ರ ಜೂನ್ 14ರಂದು. ಕೆಲವೇ ವಾರಗಳಲ್ಲಿ ರಂಗಮಂದಿರ, ಸಿನಿಮಾ ಮಂದಿರಗಳು ಮತ್ತೆ ತೆರೆದವು. ಊರು ಮಾಮೂಲಿನಂತೆ ಕಾಣಬೇಕು ಅನ್ನೋದು ಜರ್ಮನ್ನರಿಗೇ ಬೇಕಿತ್ತು. ಅವರ ದುಡ್ಡಿನಲ್ಲೇ ನಡೆದ ಕಾಂಟಿನೆಂಟಲ್ ಕಂಪನಿ ಫ್ರೆಂಚ್ ಭಾಷೆಯಲ್ಲಿ 30 ಸಿನಿಮಾ ತಯಾರಿಸಿತು. ಜನ ಕೋಟು ಬಿಚ್ಚದೆ ಚಳಿಯಲ್ಲೇ ನಾಟಕ ನೋಡಿ, ಕರ್ಫ್ಯೂಗೆ ಮುಂಚೆ ಕೊನೆಯ ಮೆಟ್ರೋಗೆ ಓಡುತ್ತಿದ್ದರು.

ಯೆಹೂದಿ ಕಲಾವಿದರಿಗೆ ಮಾತ್ರ ಕೆಲಸವೇ ನಿಷೇಧ. ಕೆಲವರು ಅಡಗಿ ಕೂತು, ಬೇರೆಯವರ ಹೆಸರಿನಲ್ಲಿ ಸಿನಿಮಾಗೆ ಸಂಗೀತ, ಸೆಟ್ ವಿನ್ಯಾಸ ಮಾಡಿಕೊಟ್ಟರು.

ಚಿತ್ರಕಾರ, ಶಿಲ್ಪಿ ಪಿಕಾಸೊ ಊರು ಬಿಡಲಿಲ್ಲ. ಪ್ರದರ್ಶನಕ್ಕೆ ಅನುಮತಿ ಇರಲಿಲ್ಲ. ಲೋಹಕ್ಕಾಗಿ ಊರಿನ ಪ್ರತಿಮೆಗಳನ್ನೇ ಕರಗಿಸುತ್ತಿದ್ದ ಕಾಲ ಅದು. ಆಗಲೂ ಗೆಳೆಯರು ಅವರ ಪ್ಲಾಸ್ಟರ್ ಶಿಲ್ಪಗಳನ್ನು ರಾತ್ರಿ ಕೈಗಾಡಿಯಲ್ಲಿ ಎರಕದವರ ಹತ್ತಿರ ಸಾಗಿಸಿ, ಕಂಚಿನಲ್ಲಿ ಎರಕ ಹೊಯ್ಯಿಸಿ ತಂದರು. ಧೈರ್ಯ ಅಂದ್ರೆ ಇದೂ ಧೈರ್ಯವೇ, ಅಲ್ವಾ?

ಅಮೆರಿಕ ಮೂಲದ ಗಾಯಕಿ, ನರ್ತಕಿ ಜೋಸೆಫೀನ್ ಬೇಕರ್ ಮಾತ್ರ ಜರ್ಮನ್ನರಿರುವ ಪ್ಯಾರಿಸ್‌ನಲ್ಲಿ ಹಾಡಲಿಲ್ಲ. ಸ್ವರಲಿಪಿ ಹಾಳೆಗಳ ಮೇಲೆ ಕಾಣದ ಶಾಯಿಯಲ್ಲಿ ಬರೆದ ಗುಪ್ತ ಮಾಹಿತಿಯನ್ನು ಜರ್ಮನ್ನರ ವಿರೋಧಿಗಳಿಗಾಗಿ ಗಡಿ ದಾಟಿಸಿದರು.

ಇನ್ನು 'ದ್ರೋಹಿ' ಪಟ್ಟ. ಜರ್ಮನ್ನರ ಜೊತೆ ಕೈಜೋಡಿಸಿದವರೂ ಇದ್ದರು, ನಿಜ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗಲ್ಲ. ನಾಟಕಕಾರ ಸಾಶಾ ಗಿಟ್ರಿಯನ್ನು 1944ರಲ್ಲಿ, ಪ್ಯಾರಿಸ್ ಬಿಡುಗಡೆಯ ಹೊತ್ತಿಗೆ, ಇದೇ ಆರೋಪದ ಮೇಲೆ ಫ್ರೆಂಚರೇ ಬಂಧಿಸಿ ಸುಮಾರು 60 ದಿನ ಜೈಲಿನಲ್ಲಿಟ್ಟರು. ಕೊನೆಗೆ ಪ್ರಕರಣವನ್ನೇ ಕೈಬಿಟ್ಟರು.